ಹಳೆ ಕಟ್ಟಡಕ್ಕೆ ಬಲ ಕೊಡುವ ಮೊದಲು, ಅದು ಹೇಗೆ ನಿಂತಿದೆ ಎಂದು ನೋಡಬೇಕು

ಅಥೆನ್ಸ್‌ನ ಪಾರ್ಥೆನಾನ್ ಗುಡಿಯನ್ನು ಕಟ್ಟಿದವರು ಗಾರೆ ಬಳಸಲಿಲ್ಲ. ಅಮೃತಶಿಲೆಯ ಒಂದು ತುಂಡನ್ನು ಇನ್ನೊಂದಕ್ಕೆ ಕಬ್ಬಿಣದ ಕೊಂಡಿಯಿಂದ ಹಿಡಿಸಿದರು. ಕೊಂಡಿ ಕೂರಿಸಿದ ಮೇಲೆ ಅದರ ಸುತ್ತ ಕರಗಿದ ಸೀಸ ಹೊಯ್ದರು. ಸೀಸದ ಹೊದಿಕೆ ಇದ್ದುದರಿಂದ ಕಬ್ಬಿಣಕ್ಕೆ ನೀರು ಮುಟ್ಟಲಿಲ್ಲ. ಎರಡು ಸಾವಿರ ವರ್ಷ ದಾಟಿದರೂ ಹಲವು ಕೊಂಡಿಗಳು ಚೆನ್ನಾಗಿಯೇ ಇದ್ದವು.

1687ರಲ್ಲಿ ವೆನಿಸ್ ಸೇನೆಯ ಗುಂಡು ಬಿದ್ದು ಗುಡಿಯೊಳಗಿನ ಮದ್ದು ಸಿಡಿಯಿತು. ನಡುಭಾಗ ಹಾರಿಹೋಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸುವ ದೊಡ್ಡ ಕೆಲಸ ಶುರುವಾದದ್ದು 1898ರಲ್ಲಿ, ಎಂಜಿನಿಯರ್ ನಿಕೊಲಾವೋಸ್ ಬಲಾನೋಸ್ ಅವರ ಮುಂದಾಳತ್ವದಲ್ಲಿ. ಅವರೂ ಕಬ್ಬಿಣದ ಕೊಂಡಿಗಳನ್ನೇ ಹಾಕಿಸಿದರು. ಆದರೆ ಸೀಸ ಹೊಯ್ಯಿಸಲಿಲ್ಲ. ಕಬ್ಬಿಣ ತುಕ್ಕು ಹಿಡಿಯಿತು. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ಬೇಕು. ಆ ಜಾಗ ಸಿಗದೆ ಅದು ಕಲ್ಲನ್ನು ಒಳಗಿನಿಂದಲೇ ಸೀಳಿತು. 1975ರಲ್ಲಿ ಆಕ್ರೊಪೊಲಿಸ್‌ನ, ಅಂದರೆ ಈ ಗುಡಿ ನಿಂತಿರುವ ಗುಡ್ಡದ, ಸ್ಮಾರಕಗಳಿಗಾಗಿ ಸಮಿತಿ ರಚನೆಯಾಯಿತು. ಅದರ ಮುಂದೆ ಇದ್ದ ದೊಡ್ಡ ಕೆಲಸಗಳಲ್ಲಿ ಒಂದು, ಹಿಂದಿನ ದುರಸ್ತಿಯ ಕಬ್ಬಿಣವನ್ನು ಹುಡುಕಿ ಹುಡುಕಿ ತೆಗೆಯುವುದು.

ಬಲಾನೋಸ್ ಕಟ್ಟಡ ಉಳಿಸಲು ಬಂದವರು. ಅವರ ಶ್ರದ್ಧೆಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೂ ಈ ಕಥೆ ನನ್ನನ್ನು ಬಿಡುವುದಿಲ್ಲ. ಯಾಕೆಂದರೆ ಹಳೆ ಕಟ್ಟಡಗಳನ್ನು ಗಟ್ಟಿ ಮಾಡಿದ ಕಳೆದ ನೂರೈವತ್ತು ವರ್ಷಗಳ ಇತಿಹಾಸ ಓದುತ್ತಾ ಹೋದರೆ, ಇದೇ ಕಥೆ ಬೇರೆ ಬೇರೆ ಊರುಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಇವತ್ತು ನಾವು ಸರಿಪಡಿಸುತ್ತಿರುವ ಎಷ್ಟೋ ಕೆಡುಕು ನಿನ್ನೆಯ ದುರಸ್ತಿಯಿಂದ ಬಂದದ್ದು. 2015ರಲ್ಲಿ ನೇಪಾಳ, 2023ರಲ್ಲಿ ತುರ್ಕಿ, 2025ರಲ್ಲಿ ಮ್ಯಾನ್ಮಾರ್, ಹೀಗೆ ಪ್ರತಿ ಭೂಕಂಪದ ನಂತರವೂ 'ಬೇಗ ಕಟ್ಟಿ, ಗಟ್ಟಿಯಾಗಿ ಕಟ್ಟಿ' ಎಂಬ ಒತ್ತಡ ಬರುತ್ತದೆ. ಗಟ್ಟಿ ಅಂದರೆ ಏನು ಎಂದು ಕೇಳುವವರು ಮಾತ್ರ ಕಡಿಮೆ.

ತೂಕವೇ ಅದರ ಶಕ್ತಿ

ಇವತ್ತಿನ ಕಾಂಕ್ರೀಟ್ ಕಟ್ಟಡ ಒಂದು ಅಸ್ಥಿಪಂಜರ. ಕಂಬ, ತೊಲೆ, ಅವುಗಳೊಳಗೆ ಉಕ್ಕಿನ ಸರಳು. ಒತ್ತಿದರೂ ತಡೆಯುತ್ತದೆ, ಎಳೆದರೂ ತಡೆಯುತ್ತದೆ. ಕಲ್ಲು, ಇಟ್ಟಿಗೆ, ಗಾರೆಯ ಕಟ್ಟಡ ಹಾಗಲ್ಲ. ಒತ್ತುವ ಭಾರವನ್ನು ಅದು ಹಾಯಾಗಿ ಹೊರುತ್ತದೆ. ಎಳೆತ ಬಂದರೆ ಬಾಯಿ ಬಿಡುತ್ತದೆ. ಅದಕ್ಕೇ ಹಿಂದಿನವರು ಎಲ್ಲೂ ಎಳೆತ ಬಾರದ ಹಾಗೆ ಕಟ್ಟಡದ ಆಕಾರವನ್ನೇ ಹೊಂದಿಸಿದರು. ಕಮಾನು, ಗುಮ್ಮಟ, ದಪ್ಪ ಗೋಡೆ, ಹೊರಗಿನ ಆನಿಕೆ, ಎಲ್ಲವೂ ಭಾರವನ್ನು ಒತ್ತಡವಾಗಿಯೇ ನೆಲಕ್ಕೆ ಸಾಗಿಸುವ ದಾರಿಗಳು.

ಇದನ್ನು ತಿಳಿಯಲು ಒಂದು ಸರಪಳಿ ಸಾಕು. ಎರಡೂ ತುದಿ ಹಿಡಿದು ಸುಮ್ನೆ ಇಳಿಬಿಡಿ. ಅದು ತನ್ನಷ್ಟಕ್ಕೆ ಒಂದು ಬಾಗು ಪಡೆಯುತ್ತದೆ. ಅದರಲ್ಲಿ ಇರುವುದು ಬರೀ ಎಳೆತ. ಆ ಬಾಗನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಬರೀ ಒತ್ತಡ ಇರುತ್ತದೆ. 1675ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹೇಳಿದ್ದು ಇದನ್ನೇ. ಭಾರ ಹರಿಯುವ ಈ ಗೆರೆ ಕಮಾನಿನ ದಪ್ಪದೊಳಗೆ ಇರುವ ತನಕ ಕಮಾನು ಬೀಳುವುದಿಲ್ಲ.

ಸುಮಾರು ಎಪ್ಪತ್ತು ವರ್ಷ ಕಳೆದ ಮೇಲೆ ಈ ವಿಚಾರ ರೋಮ್‌ನಲ್ಲಿ ಕೆಲಸಕ್ಕೆ ಬಂತು. ಸೇಂಟ್ ಪೀಟರ್ಸ್ ಗುಮ್ಮಟದಲ್ಲಿ ಬಿರುಕುಗಳು ಬಿಟ್ಟಿದ್ದವು. ಜನ ಹೆದರಿದ್ದರು. 1743ರಲ್ಲಿ ಜೊವಾನಿ ಪೊಲೆನಿ ಎಂಬ ವಿಜ್ಞಾನಿಗೆ ಪೋಪ್ ಇದನ್ನು ಒಪ್ಪಿಸಿದರು. ಪೊಲೆನಿ ಗುಮ್ಮಟದ ಒಂದು ಹೋಳಿನ ಚಿತ್ರ ಬರೆದರು. ಆ ಹೋಳಿನ ಬೇರೆ ಬೇರೆ ಭಾಗ ಎಷ್ಟು ತೂಗುತ್ತದೋ ಅದೇ ಪ್ರಮಾಣದ ಪುಟ್ಟ ತೂಕಗಳನ್ನು ಒಂದು ದಾರಕ್ಕೆ ಕಟ್ಟಿ ಇಳಿಬಿಟ್ಟರು. ದಾರ ಪಡೆದ ಬಾಗನ್ನು ತಿರುಗಿಸಿ ಚಿತ್ರದ ಮೇಲೆ ಇಟ್ಟು ನೋಡಿದರು. ಗೆರೆ ಗುಮ್ಮಟದ ದಪ್ಪದೊಳಗೇ ಇತ್ತು. ಅಂದರೆ ಬಿರುಕು ಇದ್ದರೂ ಗುಮ್ಮಟ ನಿಲ್ಲುತ್ತದೆ. ಆದರೂ ಬುಡ ಹೊರಕ್ಕೆ ಹಿಗ್ಗದಿರಲಿ ಎಂದು ಐದು ಕಬ್ಬಿಣದ ಪಟ್ಟಿಗಳನ್ನು ಸುತ್ತ ಬಿಗಿಸಲಾಯಿತು. ಗುಮ್ಮಟವನ್ನು ಕೆಡವಲಿಲ್ಲ, ಬಿರುಕಿಗೆ ಬೆದರಿ ಕಂಡಕಂಡಲ್ಲಿ ಗೋಡೆ ಎಬ್ಬಿಸಲಿಲ್ಲ. ನನಗೆ ಇದು ಬಹಳ ಇಷ್ಟವಾದ ಘಟನೆ. ಒಂದು ದಾರ, ಕೆಲವು ತೂಕಗಳು, ತಾಳ್ಮೆ, ಇಷ್ಟೇ ಸಾಮಾನು.

ಇದರಿಂದ ತಿಳಿಯುವ ಒಂದು ಮಾತು ಮುಂದೆ ಪದೇ ಪದೇ ಬರುತ್ತದೆ. ಹಳೆ ಕಲ್ಲಿನ ಕಟ್ಟಡ ಬಿದ್ದರೆ ಅದಕ್ಕೆ ಕಲ್ಲು ಪುಡಿಯಾದದ್ದು ಕಾರಣ ಆಗಿರುವುದು ಅಪರೂಪ. ಕಂಬದಲ್ಲಿ ಇರುವ ಒತ್ತಡ ಸಾಮಾನ್ಯವಾಗಿ ಆ ಕಲ್ಲು ತಾಳಬಲ್ಲ ಒತ್ತಡದ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಬೀಳುವುದು ಆಕಾರ ಕೆಟ್ಟಾಗ. ಬುನಾದಿ ಒಂದು ಕಡೆ ಇಳಿದಾಗ, ಗೋಡೆ ಗೋಡೆಯಿಂದ ಬಿಟ್ಟುಕೊಂಡಾಗ, ಗೋಡೆಯ ಒಳಗಿನ ತುಂಬು ಸಡಿಲವಾಗಿ ಹೊಟ್ಟೆ ಬಿಟ್ಟಾಗ. ಹಾಗಿರುವಾಗ ಇನ್ನೂ ಗಟ್ಟಿಯಾದ ವಸ್ತು ತಂದು ಸೇರಿಸಿದರೆ ಏನು ಪ್ರಯೋಜನ?

ಸುಣ್ಣ ಮತ್ತು ಸಿಮೆಂಟ್

ವಸ್ತುವಿನ ಪ್ರಶ್ನೆಯಲ್ಲಿ ಹೆಚ್ಚು ಹಾನಿ ಆಗಿರುವುದು ಇಲ್ಲಿ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುತ್ತಾರೆ. ಮರಳು ಬೆರೆಸಿ ಗಾರೆ ಮಾಡುತ್ತಾರೆ. ಗೋಡೆ ಸೇರಿದ ಗಾರೆ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ದಪ್ಪ ಗೋಡೆಯ ಒಳಗೆ ಇದು ಮುಗಿಯಲು ವರ್ಷಗಟ್ಟಲೆ ಬೇಕು. ಇಟ್ಟಿಗೆ ಪುಡಿಯನ್ನೋ ಜ್ವಾಲಾಮುಖಿಯ ಬೂದಿಯನ್ನೋ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುವ ಗುಣ ಬರುತ್ತದೆ. ರೋಮನ್ನರು ಆ ಬೂದಿ ಬೆರೆಸಿದ ಕಾಂಕ್ರೀಟ್‌ನಿಂದ ಕಟ್ಟಿದ ಪ್ಯಾಂಥಿಯನ್ ಗುಮ್ಮಟ 43 ಮೀಟರ್ ಅಗಲ ಇದೆ. ಅದರಲ್ಲಿ ಒಂದು ಸರಳೂ ಇಲ್ಲ.

ಸುಣ್ಣದ ಗಾರೆ ಮೆತ್ತಗೆ. ಅದೇ ಅದರ ಗುಣ. ಗೋಡೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ, ಬುನಾದಿ ಕೂದಲೆಳೆಯಷ್ಟು ಕದಲಿದಾಗ, ಆ ಅಲುಗಾಟವನ್ನು ಗಾರೆ ತನ್ನ ಮೇಲೆ ಹಾಕಿಕೊಳ್ಳುತ್ತದೆ. ಸಣ್ಣ ಬಿರುಕು ಬಿಟ್ಟರೆ, ನೀರಿನಲ್ಲಿ ಕರಗಿದ ಸುಣ್ಣ ಅಲ್ಲಿಗೆ ಬಂದು ಕೂತು ಬಿರುಕನ್ನು ತಾನೇ ಮುಚ್ಚುವುದೂ ಉಂಟು. ಮುಖ್ಯವಾಗಿ ಗೋಡೆಯೊಳಗಿನ ತೇವ ಈ ಗಾರೆಯ ಮೂಲಕ ಹೊರಗೆ ಹೋಗುತ್ತದೆ.

ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಬೇಗ ಗಟ್ಟಿಯಾಗುತ್ತದೆ, ಎಲ್ಲೆಡೆ ಸಿಗುತ್ತದೆ, ಕಲಸುವುದು ಸುಲಭ. ಹಳೆ ಗೋಡೆಯ ಸಂದುಗಳಿಗೆ ಇದನ್ನು ತುಂಬುವುದು ಎಲ್ಲ ಕಡೆ ರೂಢಿಯಾಯಿತು. ಆಮೇಲೆ ಏನಾಗುತ್ತದೆ ನೋಡಿ. ಸಿಮೆಂಟ್ ಸಂದು ಕಲ್ಲಿಗಿಂತ ಗಟ್ಟಿ. ಗೋಡೆ ಕದಲಿದಾಗ ಸಂದು ಬಿಡುವ ಬದಲು ಕಲ್ಲಿನ ಅಂಚು ಒಡೆಯುತ್ತದೆ. ನೆಲದಿಂದ ಏರಿದ ತೇವಕ್ಕೆ ಸಿಮೆಂಟಿನಲ್ಲಿ ದಾರಿ ಸಿಗದೆ ಅದು ಕಲ್ಲಿನ ಮೂಲಕವೇ ಹೊರಡುತ್ತದೆ. ಅದರ ಜೊತೆ ಬಂದ ಉಪ್ಪು ಕಲ್ಲಿನ ಮೈಯಲ್ಲೇ ಹರಳುಗಟ್ಟಿ ಪದರ ಪದರವಾಗಿ ಉದುರಿಸುತ್ತದೆ. ಸಿಮೆಂಟಿನಲ್ಲೇ ಕರಗುವ ಲವಣಗಳೂ ಇರುತ್ತವೆ, ಅವೂ ಸೇರಿಕೊಳ್ಳುತ್ತವೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ನೋಡಿದರೆ ಸಿಮೆಂಟ್ ಗೆರೆಗಳು ಬಲೆಯ ಹಾಗೆ ಎದ್ದು ನಿಂತಿರುತ್ತವೆ, ನಡುವಿನ ಕಲ್ಲು ಒಳಕ್ಕೆ ಸವೆದಿರುತ್ತದೆ. ಇಂಥ ಗೋಡೆ ನೀವೂ ಎಲ್ಲೋ ನೋಡಿರುತ್ತೀರಿ, ಅಲ್ವಾ? ಅಲ್ಲಿ ಉಳಿಯಬೇಕಾದದ್ದು ಹೋಗಿದೆ, ಹೋಗಬೇಕಾದದ್ದು ಉಳಿದಿದೆ. ಸಂದಿನ ಗಾರೆ ಯಾವಾಗಲೂ ಕಲ್ಲಿಗಿಂತ ದುರ್ಬಲ ಇರಬೇಕು. ಗಾರೆಯನ್ನು ಮತ್ತೆ ತುಂಬಬಹುದು. ಕೆತ್ತಿದ ಕಲ್ಲನ್ನು ಮತ್ತೆ ತರಲಾಗುವುದಿಲ್ಲ.

ಇಷ್ಟು ಹೇಳಿದ್ದಕ್ಕೆ ಸಿಮೆಂಟ್ ಎಲ್ಲೂ ಬೇಡ ಅನ್ನುತ್ತಿದ್ದೇನೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ವಿಂಚೆಸ್ಟರ್ ಕ್ಯಾಥೆಡ್ರಲ್ ನಿಂತಿದ್ದು ಜೌಗು ನೆಲದ ಮೇಲೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದು ಇಳಿಯತೊಡಗಿತು. ಬುನಾದಿಗೆಂದು ಅಗೆದ ಗುಂಡಿಗಳಲ್ಲಿ ನೀರು ತುಂಬುತ್ತಿತ್ತು. ನೀರನ್ನು ಪಂಪ್ ಮಾಡಿ ತೆಗೆದರೆ ಮಣ್ಣು ಇನ್ನಷ್ಟು ಕುಸಿಯುವ ಭಯ. ಆಗ ವಿಲಿಯಂ ವಾಕರ್ ಎಂಬ ಮುಳುಗುಗಾರ ಬಂದರು. 1906ರಿಂದ ಸುಮಾರು ಐದು ವರ್ಷ ಅವರು ದಿನವೂ ಗಂಟೆಗಟ್ಟಲೆ ಆ ಕತ್ತಲ ನೀರಿನಲ್ಲಿ, ಏನೂ ಕಾಣದೆ, ಕೈಯಲ್ಲಿ ತಡವಿಕೊಂಡು ಕಾಂಕ್ರೀಟ್ ಚೀಲ, ಇಟ್ಟಿಗೆಗಳನ್ನು ಗೋಡೆಗಳ ಅಡಿಗೆ ಸೇರಿಸಿದರು. ಬರೀ ಕಾಂಕ್ರೀಟ್ ಚೀಲಗಳೇ ಸುಮಾರು 25,000. ಕ್ಯಾಥೆಡ್ರಲ್ ಇವತ್ತಿಗೂ ನಿಂತಿದೆ. ನೀರಿನ ಕೆಳಗೆ, ಬರೀ ಒತ್ತಡ ಇರುವ ಜಾಗದಲ್ಲಿ ಕಾಂಕ್ರೀಟ್ ಒಳ್ಳೆಯ ಗೆಳೆಯ. ಅದನ್ನೇ ತೇವ ಉಸಿರಾಡುವ ಗೋಡೆಯ ಮೈಗೆ ಬಳಿದರೆ ಅನಾಹುತ.

ತಲೆಯ ಮೇಲೆ ಭಾರ

ಸ್ಮಾರಕಗಳ ರಕ್ಷಣೆ ಹೇಗಿರಬೇಕು ಎಂದು ತಜ್ಞರು ಒಪ್ಪಿಕೊಂಡ 1931ರ ಅಥೆನ್ಸ್ ಸನ್ನದು ಹಳೆ ಕಟ್ಟಡಗಳ ಬಲವರ್ಧನೆಗೆ ಕಾಂಕ್ರೀಟ್ ಬಳಕೆಯನ್ನು ಒಪ್ಪಿತ್ತು. ವಿವೇಚನೆಯಿಂದ ಬಳಸಿ, ಕಣ್ಣಿಗೆ ಕಾಣದ ಹಾಗೆ ಬಳಸಿ ಎಂದಿತ್ತು. ಆ ಕಾಲದ ನಂಬಿಕೆ ಅದು. ಮುಂದಿನ ದಶಕಗಳಲ್ಲಿ ಇಟಲಿಯಂಥ ದೇಶಗಳಲ್ಲಿ ಮರದ ತೊಲೆ ತೆಗೆದು ಕಾಂಕ್ರೀಟ್ ಹಾಸು ಹಾಕುವುದು, ಗೋಡೆಯ ಮೇಲ್ತುದಿಗೆ ಕಾಂಕ್ರೀಟ್ ಪಟ್ಟಿ ಕಟ್ಟುವುದು ಸಾಮಾನ್ಯವಾಯಿತು. 1979ರ ಭೂಕಂಪದ ನಂತರ ಉಂಬ್ರಿಯಾದ ಹಳ್ಳಿಗಳಲ್ಲಿ ಎಷ್ಟೋ ಕಲ್ಲಿನ ಮನೆಗಳನ್ನು ಹೀಗೆ 'ಬಲಪಡಿಸಿದರು'. 1997ರಲ್ಲಿ ಅಲ್ಲಿ ಮತ್ತೆ ಭೂಮಿ ನಡುಗಿತು. ಭಾರವಾದ, ಬಾಗದ ಕಾಂಕ್ರೀಟ್ ಸೂರು ಇಡಿಯಾಗಿ ಅಲುಗಾಡಿತು. ಅದರ ಕೆಳಗಿನ ಗೋಡೆಗಳೋ ಒಡ್ಡೊಡ್ಡಾದ ಕಲ್ಲು, ಕಳಪೆ ಗಾರೆಯವು. ಭೂಕಂಪದಲ್ಲಿ ಬಲ ತೂಕಕ್ಕೆ ತಕ್ಕಂತೆ ಬರುತ್ತದೆ. ತಲೆ ಭಾರವಾದಷ್ಟೂ ಹೊಡೆತ ಜಾಸ್ತಿ. ಸೂರು ಒಂದೇ ತುಂಡಾಗಿ ಉಳಿಯಿತು, ಗೋಡೆಗಳು ಅದರ ಅಡಿಯಿಂದ ಹೊರಕ್ಕೆ ಉದುರಿದವು. ಆ ಪಾಠದ ನಂತರ ಇಟಲಿಯ ಎಂಜಿನಿಯರ್‌ಗಳು ತಮ್ಮ ರೂಢಿಯನ್ನೇ ಬದಲಿಸಿಕೊಳ್ಳಬೇಕಾಯಿತು. ಮೊದಲು ಗೋಡೆ, ಆಮೇಲೆ ಸೂರು.

ಅದೇ ಭೂಕಂಪ ಅಸ್ಸೀಸಿಯ ಸಂತ ಫ್ರಾನ್ಸಿಸ್ ಬಸಿಲಿಕಾವನ್ನೂ ಹೊಡೆಯಿತು. 1997ರ ಸೆಪ್ಟೆಂಬರ್ 26ರ ಮುಂಜಾವ ಮೊದಲ ಕಂಪನ. ಬೆಳಗಾದ ಮೇಲೆ ಹಾನಿ ನೋಡಲು ತಂತ್ರಜ್ಞರೂ ಸನ್ಯಾಸಿಗಳೂ ಒಳಗೆ ಹೋದರು. ಆಗ ಎರಡನೇ ಕಂಪನ ಬಂತು. ಚಿತ್ರಗಳಿದ್ದ ಕಮಾನು ಛಾವಣಿ ಕುಸಿದು ನಾಲ್ವರು ಸತ್ತರು. ಛಾವಣಿ ಯಾಕೆ ಬಿತ್ತು ಎಂದು ಹುಡುಕಿದಾಗ ಒಂದು ಕಾರಣ ಮೇಲೆಯೇ ಸಿಕ್ಕಿತು. ಶತಮಾನಗಳಿಂದ ಸೂರು ರಿಪೇರಿ ಮಾಡಿದವರು ಒಡೆದ ಹೆಂಚು, ಗಾರೆಯ ಚೂರುಗಳನ್ನು ಕೆಳಗೆ ಇಳಿಸದೆ ಕಮಾನುಗಳ ಹೆಗಲಿನ ತಗ್ಗಿನಲ್ಲೇ ಬಿಟ್ಟಿದ್ದರು. ಕಂಪನ ಬಂದಾಗ ಆ ಸಡಿಲ ರಾಶಿ ಒಂದು ಕಡೆಗೆ ಜಾರಿ ಕಮಾನಿನ ಆಕಾರವನ್ನೇ ಕೆಡಿಸಿತು.

ಎಂಜಿನಿಯರ್ ಜೊರ್ಜೋ ಕ್ರೋಚಿ ಅವರ ತಂಡ ಮೊದಲು ಆ ಕಸವನ್ನು ತೆಗೆಸಿತು. ನಂತರ ಉಳಿದ ಕಮಾನುಗಳ ಬೆನ್ನ ಮೇಲೆ ಮರ ಮತ್ತು ಅರಾಮಿಡ್ ಎಂಬ ಬಲವಾದ ಕೃತಕ ನಾರಿನ ಹಗುರವಾದ ಪಕ್ಕೆಲುಬುಗಳನ್ನು ಕೂರಿಸಿತು. ಕೆಳಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. 1999ರ ನವೆಂಬರ್ ಕೊನೆಗೆ ಬಸಿಲಿಕಾ ಮತ್ತೆ ತೆರೆಯಿತು. ಅಲ್ಲಿನ ಮೊದಲ ಚಿಕಿತ್ಸೆ ಭಾರ ಇಳಿಸುವುದಾಗಿತ್ತು ಎಂಬುದನ್ನು ಗಮನಿಸಿ. ಬಲಪಡಿಸುವುದು ಎಂದ ಕೂಡಲೇ ಏನನ್ನಾದರೂ ಸೇರಿಸಬೇಕು ಅನ್ನಿಸುತ್ತದೆ. ಎಷ್ಟೋ ಸಲ ತೆಗೆಯಬೇಕಾಗುತ್ತದೆ.

ಬಿರುಕನ್ನು ಓದುವುದು

ಸ್ಮಾರಕಗಳ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಸಂಸ್ಥೆ ಇಕೊಮೊಸ್ 2003ರಲ್ಲಿ ಒಪ್ಪಿದ ತತ್ವಗಳು ಈ ಕೆಲಸವನ್ನು ವೈದ್ಯಕ್ಕೆ ಹೋಲಿಸುತ್ತವೆ. ಮೊದಲು ರೋಗಿಯ ಹಿಂದಿನ ಕಥೆ, ಆಮೇಲೆ ರೋಗ ಪತ್ತೆ, ಆಮೇಲೆ ಚಿಕಿತ್ಸೆ, ಕೊನೆಗೆ ನಿಗಾ. ಹೋಲಿಕೆ ಸರಳ, ಆದರೆ ಕೆಲಸದ ಜಾಗದಲ್ಲಿ ಇದನ್ನು ಪಾಲಿಸುವುದು ಕಷ್ಟ. ಯಾಕೆಂದರೆ ಮೊದಲ ಎರಡು ಹಂತಗಳಲ್ಲಿ ಕಣ್ಣಿಗೆ ಕಾಣುವ ಕೆಲಸ ಏನೂ ಆಗುವುದಿಲ್ಲ. ಹಣ ಕೊಡುವವರಿಗೆ ತಾಳ್ಮೆ ಇರುವುದಿಲ್ಲ.

ಬಿರುಕು ಒಂದು ಬರಹ. ಅಂಚು ಚೂಪಾಗಿ, ಒಳಗೆ ಬಣ್ಣ ತಿಳಿಯಾಗಿದ್ದರೆ ಅದು ಹೊಸದು. ಒಳಗೆ ಧೂಳು, ಜೇಡರ ಬಲೆ, ಹಳೆ ಬಣ್ಣ ಇದ್ದರೆ ಅದು ಹಳೆಯದು, ಬಹುಶಃ ನಿಂತುಹೋದದ್ದು. ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ಒಂದು ಅರ್ಥ. ತಲೆಕೆಳಗಾದರೆ ಇನ್ನೊಂದು. ಆದರೆ ಮುಖ್ಯ ಪ್ರಶ್ನೆ ಅದು ಇನ್ನೂ ಬೆಳೆಯುತ್ತಿದೆಯಾ ಎಂಬುದು. ಅದಕ್ಕೆ ಹಿಂದೆ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸುತ್ತಿದ್ದರು. ಗೋಡೆ ಕದಲಿದರೆ ಗಾಜು ಒಡೆಯುತ್ತಿತ್ತು. ಈಗ ಮಿಲಿಮೀಟರಿನ ನೂರನೇ ಭಾಗ ಅಳೆಯುವ ಸೆನ್ಸರ್‌ಗಳಿವೆ. ಉಪಕರಣ ಯಾವುದಾದರೂ ಆಗಲಿ, ಕನಿಷ್ಠ ಒಂದು ಪೂರ್ತಿ ವರ್ಷ ನೋಡಬೇಕು. ಯಾಕೆಂದರೆ ಕಟ್ಟಡಗಳು ಉಸಿರಾಡುತ್ತವೆ. ಫ್ಲಾರೆನ್ಸಿನ ಬ್ರುನೆಲೆಸ್ಕಿ ಗುಮ್ಮಟ ಮುಗಿದದ್ದು 1436ರಲ್ಲಿ. ಅದರಲ್ಲಿ ದೊಡ್ಡ ಬಿರುಕುಗಳಿವೆ. ಋತು ಬದಲಾದಂತೆ ಅವು ಅಗಲವಾಗುತ್ತವೆ, ಕಿರಿದಾಗುತ್ತವೆ. ಹಲವು ದಶಕಗಳಿಂದ ಅಳೆಯುತ್ತಲೇ ಇದ್ದಾರೆ. ಬೇಸಿಗೆಯ ಎರಡು ತಿಂಗಳು ಮಾತ್ರ ಅಳೆದವರಿಗೆ ಅದರ ಬಗ್ಗೆ ತಪ್ಪು ಉತ್ತರ ಸಿಗುತ್ತದೆ.

ಇದಕ್ಕೆ ಎದುರಾದ ಅಪಾಯವೂ ಇದೆ. ಎಲ್ಲ ರೋಗವೂ ಹೊರಗೆ ಕಾಣುವುದಿಲ್ಲ. ಹಳೆಯ ದಪ್ಪ ಗೋಡೆ, ಕಂಬಗಳು ಸಾಮಾನ್ಯವಾಗಿ ಮೂರು ಪದರ. ಹೊರಗೆರಡು ಅಚ್ಚುಕಟ್ಟಾದ ಕಲ್ಲಿನ ಪದರ, ನಡುವೆ ಚೂರುಗಲ್ಲು ಮತ್ತು ಗಾರೆಯ ತುಂಬು. 1989ರ ಮಾರ್ಚ್ 17ರಂದು ಇಟಲಿಯ ಪವಿಯಾದಲ್ಲಿ ಒಂದು ಮಧ್ಯಯುಗದ ಗೋಪುರ ಇದ್ದಕ್ಕಿದ್ದಂತೆ ಕುಸಿದು ನಾಲ್ವರು ಸತ್ತರು. ಭೂಕಂಪ ಇರಲಿಲ್ಲ, ಬಿರುಗಾಳಿ ಇರಲಿಲ್ಲ. ನೂರಾರು ವರ್ಷ ಹೊತ್ತ ಭಾರದಿಂದ ಒಳಗಿನ ತುಂಬು ನಿಧಾನವಾಗಿ ಸೋತಿತ್ತು. ಸಿಸಿಲಿಯ ನೋಟೋ ಕ್ಯಾಥೆಡ್ರಲ್ 1996ರ ಮಾರ್ಚ್‌ನಲ್ಲಿ ಬಿದ್ದದ್ದೂ ಹೀಗೆಯೇ. ಅದರ ಕಂಬಗಳ ಒಳಗೆ ತುಂಬಿದ್ದು ಹೊಳೆಯ ಉರುಟು ಕಲ್ಲು. 1990ರ ಭೂಕಂಪದಲ್ಲಿ ಪೆಟ್ಟು ಬಿದ್ದಿತ್ತು. ಮೇಲಿನ ಗಿಲಾವು ಅದನ್ನು ಮುಚ್ಚಿಟ್ಟಿತ್ತು. ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ.

ಅದಕ್ಕೇ ಗೋಡೆಯ ಒಳಗೆ ನೋಡುವ ದಾರಿಗಳು ಬೇಕು. ಸಣ್ಣ ತೂತು ಕೊರೆದು ಕ್ಯಾಮೆರಾ ಇಳಿಸುತ್ತಾರೆ. ಶಬ್ದದ ಅಲೆ ಹಾಯಿಸಿ ಅದು ಎಷ್ಟು ಬೇಗ ದಾಟುತ್ತದೆ ಎಂದು ನೋಡುತ್ತಾರೆ. ಪೊಳ್ಳು ಇದ್ದರೆ ತಡವಾಗುತ್ತದೆ. ಸಂದಿನ ಗಾರೆಯಲ್ಲಿ ಒಂದು ತೆಳು ಸೀಳು ಮಾಡಿ, ಅದರೊಳಗೆ ಚಪ್ಪಟೆಯಾದ ಜ್ಯಾಕ್ ತೂರಿಸಿ, ಗೋಡೆ ಮೊದಲಿದ್ದ ಸ್ಥಿತಿಗೆ ಬರುವ ತನಕ ಒತ್ತುತ್ತಾರೆ. ಆಗ ಗೋಡೆ ಅಲ್ಲಿ ಎಷ್ಟು ಭಾರ ಹೊತ್ತಿದೆ ಎಂಬುದು ತಿಳಿಯುತ್ತದೆ. ಆಮೇಲೆ ಆ ಸೀಳನ್ನು ಗಾರೆಯಿಂದ ಮುಚ್ಚಿಬಿಡಬಹುದು.

ಯಾವ ಮದ್ದು, ಎಷ್ಟು

ಅತ್ಯಂತ ಹಳೆಯ, ನನ್ನ ಪ್ರಕಾರ ಅತ್ಯಂತ ಪ್ರಾಮಾಣಿಕ ಉಪಾಯ ಕಬ್ಬಿಣದ ಟೈ ರಾಡ್. ಎದುರು ಬದುರಿನ ಎರಡು ಗೋಡೆಗಳನ್ನು ಒಂದು ಸರಳು ಹಿಡಿದುಕೊಳ್ಳುತ್ತದೆ. ಎರಡೂ ತುದಿಯಲ್ಲಿ ತಟ್ಟೆ, ನಟ್ಟು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪ್ಯಾರಿಸ್‌ನ ಒಂದು ಹಳೆ ಕಟ್ಟಡದಲ್ಲಿ ಹೊರಕ್ಕೆ ವಾಲಿದ ಗೋಡೆಗಳನ್ನು ಈ ಸರಳುಗಳಿಂದಲೇ ಒಳಕ್ಕೆ ಎಳೆದರು. ಸರಳನ್ನು ಕಾಯಿಸಿದರು, ಅದು ಉದ್ದವಾಯಿತು. ನಟ್ಟು ಬಿಗಿ ಮಾಡಿದರು. ತಣ್ಣಗಾಗುತ್ತಾ ಸರಳು ಕುಗ್ಗಿತು, ಗೋಡೆಗಳು ಅದರ ಜೊತೆ ಬಂದವು. ಈ ಸರಳು ಕಣ್ಣಿಗೆ ಕಾಣುತ್ತದೆ, ಕಲ್ಲಿನೊಂದಿಗೆ ಬೆರೆಯುವುದಿಲ್ಲ, ಬೇಡವಾದರೆ ಬಿಚ್ಚಬಹುದು. ಭೂಕಂಪದಲ್ಲಿ ನಾಲ್ಕು ಗೋಡೆಗಳು ಒಂದು ಪೆಟ್ಟಿಗೆಯ ಹಾಗೆ ಕೂಡಿ ಅಲುಗಿದರೆ ಬದುಕುತ್ತವೆ, ಬೇರೆ ಬೇರೆಯಾಗಿ ಅಲುಗಿದರೆ ಒಂದೊಂದೇ ಬೀಳುತ್ತವೆ. ಕಾಶ್ಮೀರದ ಹಳೆ ಮನೆಗಳಲ್ಲಿ ಗೋಡೆಯ ನಡುನಡುವೆ ಹಾಯಿಸಿದ ಮರದ ಪಟ್ಟಿಗಳೂ, 1755ರ ಭೂಕಂಪದ ನಂತರ ಲಿಸ್ಬನ್‌ನಲ್ಲಿ ಕಟ್ಟಿದ ಮರದ ಪಂಜರದ ಗೋಡೆಗಳೂ ಮಾಡುವುದು ಇದೇ ಕೆಲಸವನ್ನು.

ಪೊಳ್ಳು ಗೋಡೆಗೆ ಗ್ರೌಟಿಂಗ್ ಮಾಡುತ್ತಾರೆ. ತೆಳುವಾದ ಗಾರೆಯನ್ನು ಕೆಳಗಿನಿಂದ ಮೇಲಕ್ಕೆ ಕಡಿಮೆ ಒತ್ತಡದಲ್ಲಿ ತುಂಬಬೇಕು, ಸುಣ್ಣ ಆಧಾರಿತ ಗಾರೆಯೇ ಆಗಬೇಕು. ಒಮ್ಮೆ ಒಳಗೆ ಹೋದದ್ದನ್ನು ಹೊರಗೆ ತೆಗೆಯಲಾಗುವುದಿಲ್ಲ, ಹಾಗಾಗಿ ಇಲ್ಲಿ ಅವಸರ ಸಲ್ಲದು. ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಅಂಟಿಸುವ ಕಾರ್ಬನ್ ನಾರಿನ ಹಾಳೆಗಳು ಬಹಳ ಬಲಶಾಲಿ, ಆದರೆ ತೇವವನ್ನು ತಡೆಯುತ್ತವೆ, ಬೆಂಕಿಗೆ ಬೇಗ ಸೋಲುತ್ತವೆ. ಈಗ ನಾರಿನ ಬಲೆಯನ್ನು ಸುಣ್ಣದ ಗಾರೆಯಲ್ಲೇ ಕೂರಿಸುವ ವಿಧಾನ ಬಳಕೆಗೆ ಬರುತ್ತಿದೆ. ಇನ್ನೊಂದು ತುದಿಯಲ್ಲಿ, ಇಡೀ ಕಟ್ಟಡವನ್ನು ಬುನಾದಿಯಿಂದ ಬಿಡಿಸಿ ರಬ್ಬರ್ ಪದರಗಳ ಮೇಲೆ ಕೂರಿಸುವ ದಾರಿ ಇದೆ. ಸಾಲ್ಟ್ ಲೇಕ್ ಸಿಟಿಯ ನಗರಾಡಳಿತ ಭವನಕ್ಕೆ 1989ರಲ್ಲಿ ಹೀಗೆ ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲ್ ಕೆಳಗೆ ಇಂಥ 530 ದಿಂಬುಗಳಿವೆ. ನೆಲ ಅಲುಗಿದರೂ ಮೇಲಿನ ಕಟ್ಟಡ ಅಷ್ಟು ಅಲುಗುವುದಿಲ್ಲ, ಗೋಡೆ, ಗುಮ್ಮಟಗಳನ್ನು ಕೊರೆಯುವುದು ಕಡಿಮೆಯಾಗುತ್ತದೆ. ಖರ್ಚು ಮಾತ್ರ ಬಹಳ. ಕೆಳಗೆ ಅಗೆಯುವಾಗ ಹಳೆಯ ಪದರಗಳು ಹಾಳಾಗುವ ಅಪಾಯವೂ ಇದೆ.

ಈ ಎಲ್ಲದರ ನಡುವೆ ಪೀಸಾದ ವಾಲುಗೋಪುರದ ಕಥೆ ನನಗೆ ಬೇರೆಯೇ ಎತ್ತರದಲ್ಲಿ ಕಾಣುತ್ತದೆ. 1838ರಲ್ಲಿ ಅದರ ಬುಡ ಕಾಣಲಿ ಎಂದು ಸುತ್ತ ಅಗೆದರು, ಗೋಪುರ ಇನ್ನಷ್ಟು ವಾಲಿತು. 1930ರ ದಶಕದಲ್ಲಿ ಬುನಾದಿಗೆ ಸಿಮೆಂಟ್ ತುಂಬಿದರು, ಮತ್ತೆ ವಾಲಿತು. ಪವಿಯಾದ ದುರಂತದ ನಂತರ, 1990ರಲ್ಲಿ, ಗೋಪುರವನ್ನು ಮುಚ್ಚಿದರು. ಆಗ ಅದು ಸುಮಾರು ಐದೂವರೆ ಡಿಗ್ರಿ ವಾಲಿತ್ತು. ತಜ್ಞರ ಸಮಿತಿ 1993ರಲ್ಲಿ ವಾಲಿದ ಕಡೆಗೆ ಎದುರಾದ, ಎತ್ತರದ ಬದಿಗೆ ಸುಮಾರು 600 ಟನ್ ಸೀಸ ಹೇರಿತು. ವಾಲುವುದು ನಿಂತಿತು. 1995ರಲ್ಲಿ ನೆಲವನ್ನು ಹೆಪ್ಪುಗಟ್ಟಿಸಿ ಲಂಗರು ಹಾಕಲು ಹೊರಟಾಗ ಗೋಪುರ ಮತ್ತೆ ಚಲಿಸತೊಡಗಿತು. ಕೆಲಸ ಅಲ್ಲಿಗೇ ನಿಲ್ಲಿಸಿ ಇನ್ನಷ್ಟು ಸೀಸ ಹೇರಿದರು.

ಕೊನೆಗೆ ಗೆದ್ದ ಉಪಾಯದಲ್ಲಿ ಗೋಪುರವನ್ನು ಯಾರೂ ಮುಟ್ಟಲಿಲ್ಲ. ಎತ್ತರದ ಬದಿಯ ಬುನಾದಿಯ ಕೆಳಗಿನಿಂದ, ಓರೆಯಾಗಿ ಇಳಿಸಿದ ಕೊಳವೆಗಳ ಮೂಲಕ, ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. ದಿನವೂ ಅಳತೆ ನೋಡಿ, ಮರುದಿನ ಎಲ್ಲಿಂದ ಎಷ್ಟು ಎಂದು ತೀರ್ಮಾನಿಸಿದರು. 1999ರಿಂದ 2001ರ ತನಕ ತೆಗೆದ ಮಣ್ಣು ಸುಮಾರು 38 ಘನ ಮೀಟರ್, ಅಷ್ಟೇ. ಗೋಪುರದ ತುದಿ ಅರ್ಧ ಮೀಟರಿಗೆ ಸ್ವಲ್ಪ ಕಡಿಮೆ ಹಿಂದಕ್ಕೆ ಬಂತು. ಸುಮಾರು 14,500 ಟನ್ನಿನ ಗೋಪುರವನ್ನು ನೆಲವೇ ತಿರುಗಿಸಿಕೊಟ್ಟಿತು. ವಾಲು ಪೂರ್ತಿ ಹೋಗಲಿಲ್ಲ. ಹೋಗುವುದು ಯಾರಿಗೂ ಬೇಕಿರಲಿಲ್ಲ.

ಸುರಕ್ಷೆ ಎಷ್ಟು ಸಾಕು?

ಇದು ಈ ಕ್ಷೇತ್ರದಲ್ಲಿ ಇವತ್ತಿಗೂ ನಡೆಯುತ್ತಿರುವ ವಾದ. ಹೊಸ ಕಟ್ಟಡದ ನಿಯಮಗಳನ್ನು ಹಳೆ ಕಟ್ಟಡಕ್ಕೆ ಹಾಗೇ ಹಾಕಿದರೆ, ಲೆಕ್ಕದ ಪ್ರಕಾರ ಎಷ್ಟೋ ಕಟ್ಟಡ ನಿಂತಿರಲೇಬಾರದು. ಆ ಲೆಕ್ಕ ತೃಪ್ತಿಯಾಗುವಷ್ಟು ಉಕ್ಕು, ಕಾಂಕ್ರೀಟ್ ತುಂಬಿದರೆ ಹಳೆ ಕಟ್ಟಡ ಬರೀ ಸಿಪ್ಪೆಯಾಗಿ ಉಳಿಯುತ್ತದೆ. ಇಟಲಿಯ ನಿಯಮಗಳು ಇದಕ್ಕೊಂದು ದಾರಿ ಮಾಡಿಕೊಂಡಿವೆ. ಪಾರಂಪರಿಕ ಕಟ್ಟಡ ಹೊಸದರ ಮಟ್ಟಕ್ಕೇ ಬರಬೇಕೆಂದಿಲ್ಲ. ಈಗಿರುವುದಕ್ಕಿಂತ ಸುಧಾರಿಸಿದರೆ ಸಾಕು, ಎಷ್ಟು ಸುಧಾರಿಸಿತು ಎಂದು ಲೆಕ್ಕ ಕೊಟ್ಟರಾಯಿತು. ನನಗೆ ಇದು ಸರಿಯೆನಿಸುತ್ತದೆ, ಆದರೆ ಒಂದು ಷರತ್ತಿನೊಂದಿಗೆ. ಒಳಗೆ ಜನ ಸೇರುವ ಕಟ್ಟಡದಲ್ಲಿ ಜೀವಕ್ಕಿಂತ ಪರಂಪರೆ ದೊಡ್ಡದಲ್ಲ. ಕಟ್ಟಡಕ್ಕೆ ಅಷ್ಟು ಶಕ್ತಿ ಇಲ್ಲ ಅಂದರೆ ಬಳಕೆಯನ್ನೇ ಬದಲಿಸಬೇಕು. ಜನರ ಸಂಖ್ಯೆ ಇಳಿಸುವುದು, ಭಾರವಾದ ಪುಸ್ತಕದ ರಾಶಿಯನ್ನು ಬೇರೆಡೆಗೆ ಒಯ್ಯುವುದು, ಇವೂ ಬಲವರ್ಧನೆಯೇ. ಒಂದು ಕಲ್ಲನ್ನೂ ಕೊರೆಯಬೇಕಿಲ್ಲ.

1964ರ ವೆನಿಸ್ ಸನ್ನದಿನ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ ಅದು. ಮ್ಯಾನ್ಮಾರ್‌ನ ಬಗಾನ್‌ನಲ್ಲಿ 1990ರ ದಶಕದಲ್ಲಿ ಬಿದ್ದ ದೇಗುಲಗಳ ಮೇಲೆ ಊಹೆಯಿಂದಲೇ ಹೊಸ ಶಿಖರಗಳನ್ನು ಕಟ್ಟಿದರು. 2016ರ ಭೂಕಂಪದಲ್ಲಿ ಸುಮಾರು 400 ದೇಗುಲಗಳಿಗೆ ಹಾನಿಯಾಯಿತು. ಉದುರಿದವುಗಳಲ್ಲಿ ಹೀಗೆ ಸೇರಿಸಿದ ಭಾಗಗಳೂ ಬಹಳ ಇದ್ದವು.

ಕಾಠ್ಮಂಡುವಿನ ಕಾಷ್ಠಮಂಟಪದ್ದು ಇನ್ನೊಂದು ಬಗೆ. 2015ರ ಏಪ್ರಿಲ್ 25ರಂದು ಆ ಮರದ ಮಂಟಪ ನೆಲಸಮವಾಯಿತು. ಬುನಾದಿ ದುರ್ಬಲ ಇರಬೇಕು ಎಂದುಕೊಂಡು ಅಗೆದವರಿಗೆ ಕಂಡದ್ದು ಗಟ್ಟಿಮುಟ್ಟಾದ ಇಟ್ಟಿಗೆಯ ಬುನಾದಿ. ಅದೂ ಎಲ್ಲರೂ ತಿಳಿದಿದ್ದಕ್ಕಿಂತ ಶತಮಾನಗಳಷ್ಟು ಹಳೆಯದು. ತೊಂದರೆ ಇದ್ದದ್ದು ಮರದ ಕಂಬ ಅದರ ಪೀಠದ ಕಲ್ಲಿನ ಮೇಲೆ ಕೂರುವ ಕಡೆ. ನಾಲ್ಕು ಮುಖ್ಯ ಕಂಬಗಳಲ್ಲಿ ಒಂದು ಹಿಂದಿನ ದುರಸ್ತಿಯ ನಂತರ ಪೀಠಕ್ಕೆ ಸರಿಯಾಗಿ ಸೇರಿರಲಿಲ್ಲ. ಅಗೆದು ನೋಡದೆ ಹೊಸ ಕಾಂಕ್ರೀಟ್ ಬುನಾದಿ ಹಾಕಿದ್ದರೆ, ಚೆನ್ನಾಗಿದ್ದದ್ದನ್ನು ಕಿತ್ತುಹಾಕಿದ ಹಾಗಾಗುತ್ತಿತ್ತು.

ಇಂಥ ಕೆಲಸಕ್ಕೆ ಕೈಗಳೂ ಬೇಕು. 2019ರಲ್ಲಿ ಸುಟ್ಟ ಪ್ಯಾರಿಸ್‌ನ ನೋಟ್ರೆ ಡಾಮ್ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಸೂರಿಗೂ ಶಿಖರಕ್ಕೂ ಸುಮಾರು 2,000 ಓಕ್ ಮರಗಳು ಬೇಕಾದವು. ಸೂರಿನ ತೊಲೆಗಳನ್ನು ಬಡಗಿಗಳು ಕೊಡಲಿಯಿಂದಲೇ ಸವರಿದರು, ಹಳೆಯವರು ಮಾಡಿದ ಹಾಗೆ ಮರದ ನಾರಿನ ಜಾಡು ಹಿಡಿದು. ಬೆಂಕಿಗೆ ಕೆಲವು ವರ್ಷ ಮೊದಲೇ ಲೇಸರ್‌ನಿಂದ ಅಳೆದಿಟ್ಟ ದಾಖಲೆ ಇತ್ತು. ಕೊಡಲಿ ಹಿಡಿಯಬಲ್ಲ ಬಡಗಿಗಳೂ ಇದ್ದರು. ಎರಡರಲ್ಲಿ ಒಂದು ಇಲ್ಲದಿದ್ದರೂ ಐದು ವರ್ಷದಲ್ಲಿ ಮುಗಿಯುವ ಮಾತಾಗಿರಲಿಲ್ಲ. ಎಷ್ಟೋ ಕಡೆ ಟೆಂಡರ್‌ನಲ್ಲಿ ಸುಣ್ಣದ ಗಾರೆ ಎಂದು ಬರೆದಿರುತ್ತದೆ, ಅದನ್ನು ಹದಕ್ಕೆ ಕಲಸಬಲ್ಲ ಮೇಸ್ತ್ರಿ ಮಾತ್ರ ಸಿಗುವುದಿಲ್ಲ. ಕೊನೆಗೆ ಅದಕ್ಕೆ ಸಿಮೆಂಟ್ ಸೇರುತ್ತದೆ. ಈ ಕೊರತೆಯ ಬಗ್ಗೆ ಮಾತಾಡುವವರು ಸಾಲದು.

ಪಾರ್ಥೆನಾನ್‌ನಲ್ಲಿ ಈಗ ಬಲಾನೋಸ್ ಅವರ ಕಬ್ಬಿಣದ ಜಾಗಕ್ಕೆ ಟೈಟಾನಿಯಂ ಬಂದಿದೆ. ಅದು ತುಕ್ಕು ಹಿಡಿಯುವುದಿಲ್ಲ. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಅದರ ಅಳತೆ. ಕೊಂಡಿಯನ್ನು ಬೇಕೆಂದೇ ತೆಳ್ಳಗೆ ಮಾಡಿದ್ದಾರೆ. ಮುಂದೊಂದು ದಿನ ದೊಡ್ಡ ಭೂಕಂಪ ಬಂದರೆ ಮೊದಲು ಸೋಲಬೇಕಾದದ್ದು ಟೈಟಾನಿಯಂ. ಅದು ಬಾಗಲಿ, ಬೇಕಾದರೆ ಮುರಿಯಲಿ, ಪಕ್ಕದ ಹಳೆಯ ಕಲ್ಲು ಒಡೆಯಬಾರದು ಎಂಬ ಲೆಕ್ಕದಲ್ಲೇ ಪ್ರತಿಯೊಂದನ್ನೂ ಕೂರಿಸುತ್ತಿದ್ದಾರೆ.